ಪಕ್ಕದ ಸೀಟಿನ ಮೆಕ್ಯಾನಿಕ್

ಮೊದಲಿಗೇ ಕ್ಷಮೆ ಕೇಳಿಬಿಡುತ್ತೇನೆ. ಎಂಜಿನ್ನಿನ ವಿಷಯದಲ್ಲಿ ನನ್ನ ತಿಳಿವಳಿಕೆ ತೀರ ಕಡಿಮೆ. ವಿಲ್ಗಾನಾ ಎಂಬ ಒಳನಾಡಿನ ಊರಿನಲ್ಲಿ ಅಂಚೆ ಚೀಲ ಕಟ್ಟುವುದು ನನ್ನ ಕೆಲಸ. ಬರೆಯುವುದನ್ನು ಕಲಿತದ್ದು ಸಂಜೆ ತರಗತಿಯಲ್ಲಿ, ಅದೂ ದೊಡ್ಡವಳಾದ ಮೇಲೆ. ನಮ್ಮೂರಿನ ಮೆಕ್ಯಾನಿಕ್ ಕ್ಲಾರಿ ಟ್ರೆಗೆಂಜಾ ಅವರ ಬಗ್ಗೆ ಬರೆಯಲು ನನಗಿಂತ ಬಲ್ಲವರು ಇದ್ದೇ ಇರುತ್ತಾರೆ. ಆದರೆ ಇಷ್ಟು ವರ್ಷ ಯಾರೂ ಬರೆದಿಲ್ಲ. ಯಂತ್ರದ ಮಾತು ಬರುವ ಕಡೆಯೆಲ್ಲ ಅವರಿಗೇ ಓದಿ ಹೇಳಿ ತಿದ್ದಿಸಿಕೊಂಡಿದ್ದೇನೆ. ಇಷ್ಟಾಗಿಯೂ ತಪ್ಪು ಉಳಿದಿದ್ದರೆ ಅದು ನನ್ನದು.

ಬುಧವಾರ, ಬೆಳಕು ಹರಿಯುವ ಹೊತ್ತು. ನೀರಿನ ತೊಟ್ಟಿಯ ಮೇಲೆ ಗಲಾ ಗಿಳಿಗಳು ಜಗಳ ಶುರುಮಾಡಿವೆ. ಊರಿನ ಕೊನೆಯ ತಗಡಿನ ಶೆಡ್ಡಿನಲ್ಲಿ ಕ್ಲಾರಿ ಒಂದು ಹಳೆಯ ಹಳದಿ ಪಿಕಪ್ಪಿನ ಬಾನೆಟ್ ಎತ್ತಿ, ತಲೆ ಬಗ್ಗಿಸಿ ನಿಂತಿದ್ದಾರೆ. ಎಂಜಿನ್ ಜೋರಾಗಿ ಓಡುತ್ತಿದೆ. ಡ್ರೈವರ್ ಸೀಟಿನಲ್ಲಿ ಮಾತ್ರ ಯಾರೂ ಇಲ್ಲ. ಇಣುಕಿ ನೋಡಿದರೆ, ಆಕ್ಸಿಲರೇಟರಿಗೂ ಸೀಟಿಗೂ ನಡುವೆ ಪೊರಕೆ ಹಿಡಿಯ ಒಂದು ತುಂಡು ಸಿಕ್ಕಿಸಿದೆ.

"ಅದು ಪರ್ಸ್‌ನ ಕಾಲು" ಎನ್ನುತ್ತಾರೆ ತಲೆ ಎತ್ತದೆ. "ಅವನ ಕಾಲಿಗಿಂತ ವಾಸಿ, ಎದುರು ಮಾತಾಡಲ್ಲ. ಒಂದೇ ತೊಂದ್ರೆ. ಒತ್ತಿ ಹಿಡ್ಕೊಂಡಿರೋಕೆ ಬರತ್ತೆ, ಒತ್ತೋಕೆ ಬರಲ್ಲ."

ಪರ್ಸ್ ಅವರ ಅಣ್ಣ. ಅಣ್ಣತಮ್ಮ ಇಬ್ಬರೂ ಇದೇ ಶೆಡ್ಡಿನಲ್ಲಿ ಒಟ್ಟಿಗೆ ಮುದುಕರಾದವರು. ಗಾಡಿ ತಡವರಿಸುತ್ತದೆ ಎಂದು ಯಾರಾದರೂ ಬಂದರೆ ಪರ್ಸ್ ಒಳಗೆ ಕೂತು ಪೆಡಲ್ ಒತ್ತುವುದು, ಕ್ಲಾರಿ ಹೊರಗೆ ನಿಂತು ಕಿವಿಗೊಡುವುದು. ಈ ಕೆಲಸಕ್ಕೆ ಇಬ್ಬರು ಬೇಕೇ ಬೇಕಂತೆ. ಎಂಜಿನ್ ತಡವರಿಸುವುದು ಕಾಲು ಕೆಳಗಿಳಿದ ಆ ಒಂದು ಗಳಿಗೆಯಲ್ಲಿ ಮಾತ್ರ. ಪೆಟ್ರೋಲು ಬೇಕು ಎಂದು ಕೇಳುತ್ತದೆ, ಸಿಗುವುದಿಲ್ಲ, ಮುಗ್ಗರಿಸುತ್ತದೆ. ಒತ್ತಿ ಹಿಡಿದ ಮೇಲೆ ಏನೂ ಆಗಿಯೇ ಇಲ್ಲವೆಂಬಂತೆ ಓಡುತ್ತದೆ. ಕೋಲಿಗೆ ಆ ಗಳಿಗೆ ಗೊತ್ತಾಗುವುದಿಲ್ಲ.

ಪರ್ಸ್ ತೀರಿಕೊಂಡು ನಾಲ್ಕು ವರ್ಷವಾಯಿತು. ಶೆಡ್ಡಿನ ಎಡ ಅರ್ಧ ಅವರದಾಗಿತ್ತು. ಇವತ್ತಿಗೂ ಕ್ಲಾರಿ ಅಲ್ಲಿ ಒಂದು ಸ್ಪಾನರನ್ನೂ ಇಡುವುದಿಲ್ಲ. ಯಾರ ಸಾಮಾನು ಯಾವುದು ಎಂಬ ಜಗಳ ತಪ್ಪಿಸಲು ಪರ್ಸ್ ತಮ್ಮದಕ್ಕೆಲ್ಲ ಕೆಂಪು ಬಣ್ಣದ ಬೊಟ್ಟು ಇಟ್ಟಿದ್ದರು. ಸುತ್ತಿಗೆಗೆ, ಕೊಳವೆಗೆ, ಚಹಾದ ಮಗ್ಗಿಗೂ. ಅವರ ಬೂದುಬಣ್ಣದ ಟ್ರಕ್ಕು ಹಿತ್ತಲಲ್ಲಿ ಬೇಲಿಗೆ ಮುಖಮಾಡಿ ನಿಂತಿದೆ.

ಹೆದ್ದಾರಿ ಊರನ್ನು ಬಳಸಿ ಹೋಗತೊಡಗಿದ ಮೇಲೆ ಈ ಕಡೆ ಬರುವ ಗಾಡಿಗಳೇ ಕಡಿಮೆ. "ಫೋನ್ ಮಾಡ್ತಾರೆ. ಕಂಪ್ಯೂಟರ್ ಹಾಕಿ ನೋಡ್ತೀರಾ ಅಂತಾರೆ. ಇಲ್ಲಪ್ಪ ಅಂತೀನಿ. ಇಟ್ಬಿಡ್ತಾರೆ" ಎನ್ನುತ್ತಾರೆ ಕ್ಲಾರಿ. "ಕೆಲವು ದಿನ ಅಷ್ಟೇ ಮಾತು. ಸಂಜೆ ಹೊತ್ತಿಗೆ ಗಂಟಲು ತುಕ್ಕು ಹಿಡಿದಿರತ್ತೆ. ಒಂದ್ಸಲ ಜೋರಾಗಿ ಕೆಮ್ಮಿ, ಯಾರೋ ಬಂದ್ರು ಅಂತ ನಾನೇ ತಿರುಗಿ ನೋಡಿದೀನಿ."

ಹಾಗೆಂದು ನಮ್ಮೂರಿನವರು ಅವರನ್ನು ಪೂರ್ತಿ ಮರೆತಿಲ್ಲ. ಪೆಟ್ರೋಲು ತುಂಬಿಸುವಾಗ ಟ್ಯಾಂಕಿನ ಮುಚ್ಚಳ ಬಿಚ್ಚಿ ಗಾಡಿಯ ಹಿಂಬದಿಯ ಅಂಚಿನ ಮೇಲೆ ಇಡುವುದು ನಮ್ಮ ಅಭ್ಯಾಸ. ಮಾತಾಡುತ್ತಾ ಹಾಗೆಯೇ ಹೊರಟುಬಿಡುವುದೂ ನಮ್ಮದೇ ಅಭ್ಯಾಸ. ಕುರಿ ಫಾರ್ಮುಗಳ ದಾರಿಯುದ್ದಕ್ಕೂ ಧೂಳಿನಲ್ಲಿ ನಮ್ಮ ಮುಚ್ಚಳಗಳು ಬಿದ್ದಿವೆ. ಕಳೆದುಕೊಂಡವರು ಟ್ಯಾಂಕಿನ ಬಾಯಿಗೆ ಚಿಂದಿ ತುರುಕಿಕೊಂಡು ಕ್ಲಾರಿಯವರ ಬಾಗಿಲಿಗೆ ಬರುತ್ತಾರೆ. ಅವರ ಬಳಿ ಹಳೆಯ ಮುಚ್ಚಳಗಳ ಒಂದು ಡ್ರಮ್ಮೇ ಇದೆ. ಹುಡುಕಿ ಕೊಡುತ್ತಾರೆ, ಎರಡು ನಿಮಿಷ ನಿಂತು ಮಳೆಯ ಮಾತಾಡಿದರೆ ಸಾಕು.

ಹಳದಿ ಪಿಕಪ್ಪು ರೋಂಡಾ ಕ್ವಿಲ್ಟಿಯವರದು. ರೋಂಡಾ ಪ್ರತಿ ಗುರುವಾರ ಬೆಟ್ಟದಾಚೆಯ ಫಾರ್ಮುಗಳಿಗೆ ಅಂಚೆ ಒಯ್ಯುತ್ತಾರೆ. ಕಾಗದದ ಜೊತೆಗೆ ಔಷಧಿ, ಬ್ರೆಡ್ಡು, ಕೋಳಿಮರಿ, ಕನ್ನಡಕ. ಒಂದೆರಡು ತಿಂಗಳಿಂದ ಅವರ ಗಾಡಿ ಏರಿನಲ್ಲಿ ತಡವರಿಸುತ್ತಿದೆ. ಕಳೆದ ಗುರುವಾರ ಪೂರ್ತಿ ನಿಂತೇಹೋಯಿತು. ನೆರಳಿಲ್ಲದ ಕಡೆ ಅರ್ಧ ದಿನ ಕೂತಿದ್ದರು. ಕೊನೆಗೆ ನೀರಿನ ಲಾರಿಯವನು ಬಂದ. ಆ ಬಿಸಿಲು ಎಂಥದೆಂದು ಇಲ್ಲಿನವರಿಗೆ ಹೇಳಬೇಕಿಲ್ಲ.

ಕ್ಲಾರಿ ಆಗಲೇ ಫಿಲ್ಟರ್ ಬದಲಿಸಿದ್ದಾರೆ, ಪ್ಲಗ್ಗು ಬದಲಿಸಿದ್ದಾರೆ. ಗಾಳಿಯನ್ನೂ ಪೆಟ್ರೋಲನ್ನೂ ಬೆರೆಸುವ ಕಾರ್ಬ್ಯುರೇಟರನ್ನು ಬಿಚ್ಚಿ, ತೊಳೆದು, ಕೂರಿಸಿದ್ದಾರೆ. ಶೆಡ್ಡಿನಲ್ಲಿ ಎಂಜಿನ್ ಗಡಿಯಾರದಂತೆ ಓಡುತ್ತದೆ.

ಏಳು ಗಂಟೆಗೆ ರೋಂಡಾ ಬರುತ್ತಾರೆ, ಜೊತೆಗೆ ಮೇಯರ್ ಎಂಬ ಹೆಸರಿನ ಅವರ ನಾಯಿ. "ಏನಾಯ್ತೋ ಮುದುಕಪ್ಪ?"

"ಏನೂ ಆಗಿಲ್ಲ, ಅದೇ ಕಷ್ಟ. ನಡಿ, ಕೂತು ನೋಡೋಣ."

"ನೋಡು ಕ್ಲಾರಿ, ಇವತ್ತು ಸಿಗ್ಲಿಲ್ಲ ಅಂದ್ರೆ ನಾಳೆ ಅಂಚೆ ಗುತ್ತಿಗೆ ವಾಪಸ್ ಕೊಟ್ಬಿಡ್ತೀನಿ. ಇನ್ನೊಂದ್ಸಲ ಆ ಏರಲ್ಲಿ ಕೂರೋ ಧೈರ್ಯ ನಂಗಿಲ್ಲ. ಕರಾವಳಿಯೋರು ಯಾರೋ ಹೊಸ ಗಾಡಿ ಇಟ್ಕೊಂಡು ಕಾಯ್ತಾ ಇದಾರೆ."

ಕರಾವಳಿಯವರ ಹೊಸ ಗಾಡಿ ರಿಪೇರಿಗೂ ಕರಾವಳಿಗೇ ಹೋಗುತ್ತದೆ. ಕ್ಲಾರಿಯವರ ಬಳಿ ತಪ್ಪದೆ ಬರುವ ಗಾಡಿ ಈಗ ಉಳಿದಿರುವುದು ಈ ಹಳದಿಯದೊಂದೇ. ಅವರು ಟೋಪಿ ಹಾಕಿಕೊಳ್ಳುತ್ತಾರೆ.

ಮೇಯರ್ ತನ್ನ ಜಾಗ ಬಿಟ್ಟು ಹಿಂಬದಿಗೆ ಹೋಗಬೇಕಾಗುತ್ತದೆ, ಗೊಣಗುತ್ತಲೇ ಹೋಗುತ್ತದೆ. ಬರೆಯಲೆಂದು ಬಂದ ನಾನು ನಡುವೆ, ಕ್ಲಾರಿ ಕಿಟಕಿಯ ಬದಿ. ಅವರ ಕೆಲಸದ ರೀತಿಯೇ ಇದು. ಗಾಡಿ ದಿನಾ ಹೋಗುವ ದಾರಿಯಲ್ಲಿ, ದಿನಾ ಓಡಿಸುವವರ ಪಕ್ಕದಲ್ಲಿ, ಅಂಗೈಯನ್ನು ಡ್ಯಾಶ್‌ಬೋರ್ಡಿನ ಮೇಲಿಟ್ಟು ಕೂರುವುದು. ಪರ್ಸ್ ಹೋದ ಮೇಲೆ ಕಂಡುಕೊಂಡ ಉಪಾಯ. ಪೆಡಲ್ ಒತ್ತಲು ಬೇಕಾದ ಇನ್ನೊಂದು ಕಾಲು ಹೀಗೆ ಸಿಗುತ್ತದೆ. ಯೋಚಿಸಿದರೆ, ಯಾರದಾದರೂ ಗಾಡಿ ಕೆಟ್ಟಾಗ ಮಾತ್ರ ಅವರು ಇನ್ನೊಬ್ಬರ ಪಕ್ಕದಲ್ಲಿ ಕೂರುತ್ತಾರೆ.

"ದಿನಾ ಹೆಂಗೆ ಓಡಿಸ್ತೀಯೋ ಹಂಗೇ ಓಡಿಸು. ನಾನಿದೀನಿ ಅಂತ ಒಳ್ಳೇವಳಾಗ್ಬೇಡ."

"ನೀನಿದೀಯ ಅಂತ ಯಾವತ್ತು ಒಳ್ಳೇವಳಾಗಿದೀನಿ? ಗೇಟು ಬಂತು, ಇಳಿ. ಅದಕ್ಕೇ ನಿನ್ನ ಕರ್ಕೊಂಡು ಬಂದಿರೋದು."

ಕಿಟಕಿಯ ಬದಿ ಕೂತವರು ಗೇಟು ತೆಗೆಯಬೇಕು. ಇಲ್ಲಿ ಅದಕ್ಕೆ ವಯಸ್ಸಿನ ರಿಯಾಯಿತಿ ಇಲ್ಲ. ಕ್ಲಾರಿ ಇಳಿದು, ತೆಗೆದು, ಮುಚ್ಚಿ, ಹತ್ತುತ್ತಾರೆ. ರೋಂಡಾ ಬಾಯಿಗೆ ಬಿಡುವು ಕೊಡದೆ ಮಾತಾಡುತ್ತಾರೆ. ಯಾರ ಮಗಳು ಯಾರ ಜೊತೆ, ಯಾವ ಫಾರ್ಮಿನ ಹಣ್ಣಿನ ಕೇಕು ಇಟ್ಟಿಗೆಯ ಹಾಗೆ. ಕ್ಲಾರಿ ಒಂದಕ್ಕೂ ಉತ್ತರ ಕೊಡುವುದಿಲ್ಲ. ಆದರೆ ಅವರ ಮುಖ ನೋಡಿದರೆ ಎಂಜಿನ್ ಒಂದನ್ನೇ ಕೇಳುತ್ತಿದ್ದಾರೆ ಎಂದು ನನಗೆ ಅನಿಸಲಿಲ್ಲ.

ಎರಡನೆಯ ಗೇಟು ದಾಟಿ ಏರು ಹಿಡಿದಾಗ ಅದು ಬರುತ್ತದೆ. ರೋಂಡಾ ಪೆಡಲ್ ಒತ್ತುತ್ತಾರೆ. ಗಾಡಿ ಉಸಿರು ಹಿಡಿದಂತೆ ತಡೆದು, ಮೂವರನ್ನೂ ಮುಂದಕ್ಕೆ ತೂರಾಡಿಸಿ, ಮತ್ತೆ ಎಳೆಯುತ್ತದೆ. ಇನ್ನೊಮ್ಮೆ. ಮತ್ತೂ ಒಮ್ಮೆ.

"ನೋಡ್ದ್ಯಾ? ಅವತ್ತೂ ಹಿಂಗೇ ಮಾಡಿ ನಿಂತೋಯ್ತು. ಆ ನೀರಿನ ಲಾರಿಯೋನು ಅಧಿಕಪ್ರಸಂಗಿ, ಪೆಟ್ರೋಲ್ ಇಲ್ದೇ ಬಂದಿರ್ತೀಯ ಅಂತ ಒಂದು ಕ್ಯಾನ್ ಸುರಿದ. ಟ್ಯಾಂಕ್ ಮುಕ್ಕಾಲು ಇತ್ತು! ಆದ್ರೂ ತಕ್ಷಣ ಸ್ಟಾರ್ಟ್ ಆಯ್ತು ನೋಡು. ಅವನಿಗೆ ಎಷ್ಟು ಜಂಬ!"

ಕ್ಲಾರಿಯವರ ಕೈ ಡ್ಯಾಶ್‌ಬೋರ್ಡಿನಿಂದ ಕೆಳಗಿಳಿಯುತ್ತದೆ. "ಮುಚ್ಚಳ ತೆಗೆದನಾ?"

"ತೆಗೀದೆ ಮೂಗಿಂದ ಸುರೀತಾರಾ?"

"ನಿಲ್ಸು."

ಎಂಜಿನ್ ಆರಿದ ಮೇಲೆ ಬಯಲಿನಲ್ಲಿ ಏನೂ ಕೇಳುವುದಿಲ್ಲ. ಕ್ಲಾರಿ ಗಾಡಿಯ ಬದಿಗೆ ನಡೆದು, ಟ್ಯಾಂಕಿನ ಮುಚ್ಚಳವನ್ನು ಮೆಲ್ಲಗೆ ತಿರುಗಿಸುತ್ತಾರೆ. ಆಗ ನನಗೂ ಕೇಳುತ್ತದೆ: ಒಂದು ದೀರ್ಘವಾದ ಉಸಿರು, ಒಳಕ್ಕೆ ಎಳೆದುಕೊಂಡದ್ದು. ಮುಳುಗಿದ್ದವರು ನೀರಿನ ಮೇಲೆ ಬಂದ ಹಾಗೆ.

ಪೆಟ್ರೋಲು ಖಾಲಿಯಾದ ಜಾಗಕ್ಕೆ ಗಾಳಿ ಬರಬೇಕು. ಇಷ್ಟು ಹಳೆಯ ಗಾಡಿಯಲ್ಲಿ ಅದು ಬರುವುದು ಮುಚ್ಚಳದಲ್ಲಿರುವ ಸಣ್ಣ ತೂತಿನಿಂದ. ಈ ಮುಚ್ಚಳದಲ್ಲಿ ತೂತೇ ಇರಲಿಲ್ಲ. ಓಡಿದಷ್ಟೂ ಟ್ಯಾಂಕು ಪೆಟ್ರೋಲನ್ನು ಎಂಜಿನ್ನಿಗೆ ಬಿಡದೆ ಒಳಕ್ಕೆ ಜಗ್ಗಿ ಹಿಡಿಯುತ್ತಿತ್ತು. ಲಾರಿಯವನು ಮುಚ್ಚಳ ತೆಗೆದಾಗ ಗಾಳಿ ಒಳಹೋಗಿತ್ತು, ಅದಕ್ಕೇ ಗಾಡಿ ಹೊರಟಿತ್ತು.

ಕಾರಣ ಸಿಕ್ಕಿತೆಂದು ರೋಂಡಾ ಚಪ್ಪಾಳೆ ತಟ್ಟುತ್ತಾರೆ. ಕ್ಲಾರಿ ಮಾತ್ರ ಮುಚ್ಚಳವನ್ನು ಅಂಗೈಯಲ್ಲಿಟ್ಟು ನೋಡುತ್ತಲೇ ಇದ್ದಾರೆ. ಅದರ ಒಳಬದಿಯಲ್ಲಿ ಒಂದು ಕೆಂಪು ಬೊಟ್ಟು.

ಒಂದೆರಡು ತಿಂಗಳ ಹಿಂದೆ, ಕುರಿಗಳ ಉಣ್ಣೆ ಕತ್ತರಿಸುವ ಕಾಲ ಮುಗಿದಾಗ, ರೋಂಡಾ ಎಲ್ಲರಂತೆ ಮುಚ್ಚಳ ಬೀಳಿಸಿಕೊಂಡು ಬಂದಿದ್ದರು. ಅವತ್ತು ಕ್ಲಾರಿ ಡ್ರಮ್ಮಿಗೆ ಕೈಹಾಕಲಿಲ್ಲ. ಹಿತ್ತಲಿಗೆ ಹೋಗಿ ಪರ್ಸ್ ಅವರ ಟ್ರಕ್ಕಿನ ಮುಚ್ಚಳವನ್ನೇ ಬಿಚ್ಚಿ ತಂದುಕೊಟ್ಟರು. ಆ ಟ್ರಕ್ಕಿನ ಟ್ಯಾಂಕಿಗೆ ಗಾಳಿ ಬರಲು ಬೇರೆಯೇ ಕೊಳವೆ ಇದೆ. ಅದರ ಮುಚ್ಚಳ ಗಟ್ಟಿ, ತೂತಿಲ್ಲ. ಆ ಟ್ರಕ್ಕಿನಿಂದ ಅವರು ಹೊರಗೆ ಕೊಟ್ಟ ವಸ್ತು ಅದೊಂದೇ.

"ಅವಂದು ಅಂತ ನೋಡಿದೆ" ಎನ್ನುತ್ತಾರೆ. "ತೂತು ಇದೆಯಾ ಅಂತ ನೋಡ್ಲಿಲ್ಲ. ಅವಂದು ಏನಾದ್ರೂ ಒಂದು ರಸ್ತೆ ಮೇಲೆ ಓಡಾಡ್ಕೊಂಡಿರ್ಲಿ ಅಂತ ಇತ್ತೇನೋ." ಆಮೇಲೆ ರೋಂಡಾ ಕಡೆ ತಿರುಗಿ, "ನಿನ್ನ ಬಿಸಿಲಲ್ಲಿ ಕೂರಿಸಿದ್ದು ನಾನು."

ರೋಂಡಾ ಹಿಂಬದಿಯಿಂದ ಒಂದು ಚಿಂದಿ ಹುಡುಕಿ ಅವರ ಕೈಗಿಡುತ್ತಾರೆ.

ಟ್ಯಾಂಕಿನ ಬಾಯಿಗೆ ಚಿಂದಿ ಸಡಿಲವಾಗಿ ಸುತ್ತಿ ಅದೇ ಏರನ್ನು ಮತ್ತೆ ಹತ್ತುತ್ತೇವೆ. ಗಾಡಿ ಒಮ್ಮೆಯೂ ಮುಗ್ಗರಿಸದೆ ತುದಿ ಮುಟ್ಟುತ್ತದೆ. ಅಲ್ಲಿ ನಿಲ್ಲಿಸಿ ಉಪ್ಪುಮಾಂಸದ ಸ್ಯಾಂಡ್‌ವಿಚ್ ಬಿಚ್ಚುತ್ತೇವೆ. ಕ್ಲಾರಿ ತಮ್ಮ ಪಾಲನ್ನು ಮೇಯರ್‌ಗೆ ಕೊಡುತ್ತಾರೆ.

ಶೆಡ್ಡಿಗೆ ಮರಳಿದ ಮೇಲೆ ಅವರು ಡ್ರಮ್ಮಿನ ಪಕ್ಕ ಕೂತು ಒಂದೊಂದೇ ಮುಚ್ಚಳ ಎತ್ತಿ ಬಾಯಿಗಿಟ್ಟು ಊದುತ್ತಾರೆ. ಕೆನ್ನೆ ಉಬ್ಬಿದರೆ ಬೇಡ. ಉಸಿರು ಆಚೆ ದಾಟಿದರೆ ಬೇಕು. ಕೊನೆಗೊಂದು ದಾಟುತ್ತದೆ. ಅದನ್ನು ಹಳದಿ ಗಾಡಿಗೆ ಹಾಕಿ, ಕೆಂಪು ಬೊಟ್ಟಿನದನ್ನು ಅಂಗಿಗೆ ಒರೆಸಿ, ಹಿತ್ತಲಿನ ಟ್ರಕ್ಕಿಗೆ ತಿರುಗಿಸಿ ಬರುತ್ತಾರೆ.

"ಇನ್ಮೇಲೆ ಬೇರೆ ಯಾರ ಹತ್ರನಾದ್ರೂ ತೋರ್ಸು" ಎನ್ನುತ್ತಾರೆ ಕೈ ಒರೆಸಿಕೊಳ್ಳುತ್ತಾ. "ನಂದು ಸಾಕು. ಒಂದು ಮುಚ್ಚಳ ಊದಿ ನೋಡದೋನು ಮೆಕ್ಯಾನಿಕ್ ಅಲ್ಲ. ಈ ವಾರವೇ ಬಾಗಿಲು ಹಾಕ್ತೀನಿ."

"ಪರ್ಸ್ ಇದ್ದಿದ್ರೆ ಏನಂತಿದ್ದ?"

"ನಗ್ತಿದ್ದ. ಹೊಟ್ಟೆ ಹಿಡ್ಕೊಂಡು. ವರ್ಷಗಟ್ಟಲೆ."

"ನಾನೂ ನಗ್ತೀನಿ ಬಿಡು, ವರ್ಷಗಟ್ಟಲೆ. ಆದ್ರೆ ಈಗಲೇ ಬಾಗಿಲು ಹಾಕ್ಬೇಡ." ರೋಂಡಾ ಗಾಡಿ ಹತ್ತಿ, ಬಾಗಿಲು ಎಳೆದುಕೊಂಡು, ಕಿಟಕಿಯಿಂದ ಹೇಳುತ್ತಾರೆ: "ಇನ್ನೂ ಒಂಚೂರು ತಡವರಿಸ್ತಾ ಇದೆ ಕ್ಲಾರಿ. ಮೊದಲಿನಷ್ಟಿಲ್ಲ. ಕಾಲಿಗೆ ಗೊತ್ತಾಗತ್ತೆ, ಅಷ್ಟೇ. ನಾಳೆ ಪೂರಾ ಸುತ್ತು ಕೂತು ನೋಡು."

ಕ್ಲಾರಿ ಅವರನ್ನು ತುಂಬ ಹೊತ್ತು ನೋಡುತ್ತಾರೆ. "ಎಲ್ಲಿ?"

"ಎಲ್ಲಿ ಅಂತ ಹೇಳೋಕೆ ನಾನೇನು ಮೆಕ್ಯಾನಿಕ್ಕಾ?"

ಮರುದಿನ ನಸುಕಿನಲ್ಲಿ ನಾನು ಅಂಚೆ ಚೀಲ ಹಿಡಿದು ಹೊರಬಂದಾಗ ಕಿಟಕಿಯ ಬದಿಯಲ್ಲಿ ಟೋಪಿ ಹಾಕಿಕೊಂಡು ಕ್ಲಾರಿ ಕೂತಿದ್ದಾರೆ. ಹಿಂಬದಿಯಲ್ಲಿ ಮೇಯರ್ ಗೊಣಗುತ್ತಿದೆ. ಆಮೇಲಿನ ಗುರುವಾರವೂ ಹಾಗೆಯೇ, ಅದರ ಮುಂದಿನದೂ. ಶೆಡ್ಡಿನ ಬಾಗಿಲು ತೆರೆದೇ ಇದೆ. ಏನಾದರೂ ಸಿಕ್ಕಿತೇ ಎಂದು ಕೇಳಿದರೆ, "ಇಲ್ಲ. ಬಹಳ ಸಣ್ಣದು. ಆದ್ರೆ ಬಿಡಲ್ಲ, ಇಂಥವನ್ನ ನಾನು ಬಿಟ್ಟಿದ್ದೇ ಇಲ್ಲ" ಎನ್ನುತ್ತಾರೆ. ಗಂಟಲಿನಲ್ಲಿ ತುಕ್ಕು ಇರುವುದಿಲ್ಲ.

ಆ ಬುಧವಾರ ಏರಿನ ತುದಿಯಿಂದ ಶೆಡ್ಡಿನವರೆಗೆ ನಾನು ಅವರಿಬ್ಬರ ನಡುವೆ ಕೂತಿದ್ದೆ. ನನಗೆ ಏನೂ ತಡವರಿಸಿದ್ದು ಗೊತ್ತಾಗಲಿಲ್ಲ. ಆದರೆ ಮೊದಲೇ ಹೇಳಿದೆನಲ್ಲ, ಎಂಜಿನ್ನಿನ ವಿಷಯ ನನಗೆ ತಿಳಿಯದು. ಇದ್ದಿರಲೂಬಹುದು. ರೋಂಡಾರನ್ನು ನಾನು ಕೇಳಿಲ್ಲ.