ಹನ್ನೊಂದು ನಿಮಿಷದ ಜಾತಕ

ಬಾಣಂತನಕ್ಕೆಂದು ಅವ್ವ ಧಾರವಾಡದಿಂದ ಅಂಟಿನುಂಡಿ ಕಟ್ಟಿಕೊಂಡು ವಿಮಾನ ಹತ್ತಿ ಕಿಂಗ್ಸ್‌ಬರಿಯ ನಮ್ಮ ಫ್ಲ್ಯಾಟಿಗೆ ಬಂದಾಗ, ಎಣ್ಣೆ ಹಚ್ಚಿ ಎರೆಯಲು ಮನೆಯಲ್ಲಿ ಮಗುವೇ ಇರಲಿಲ್ಲ. ಏಳನೇ ತಿಂಗಳಿಗೇ ಗರ್ಭದೊಳಗೆ ಮಾಸು ಕಳಚಿ, ಹೊಟ್ಟೆ ಕೊಯ್ದು ತೆಗೆದ ನನ್ನ ಮಗ ಆಸ್ಪತ್ರೆಯ ಗಾಜಿನ ಪೆಟ್ಟಿಗೆಯಲ್ಲಿದ್ದ. ಮಾಡಲು ಕೆಲಸವಿಲ್ಲದ ಅವ್ವ ಜಾತಕಕ್ಕೆ ಕೈ ಹಾಕಿದಳು.

"ಹುಟ್ಟಿದ್ದು ಎಷ್ಟಕ್ಕವಾ?"

ಆಸ್ಪತ್ರೆಯ ಕಾಗದ ನೋಡಿ ಹೇಳಿದೆ. ಹೊರಗೆ ತೆಗೆದದ್ದು ಬೆಳಿಗ್ಗೆ ಹತ್ತು ಹದಿನಾಲ್ಕಕ್ಕೆ. ತಾನಾಗಿ ಮೊದಲ ಉಸಿರೆಳೆದದ್ದು ಹತ್ತು ಇಪ್ಪತ್ತೈದಕ್ಕೆ. ನಡುವೆ ಏನಾಗಿತ್ತೆಂದು ಕೇಳದೆ ಅವಳು ಎರಡು ಹೊತ್ತನ್ನೂ ಬರೆದುಕೊಂಡಳು.

ಊರಿನ ಜ್ಯೋತಿಷಿ ಆಚಾರ್ಯರನ್ನು ವಿಡಿಯೊ ಕಾಲಿನಲ್ಲಿ ಹಿಡಿದಳು. ಲಗ್ನ ಬದಲಾಗುವುದು ಸರಿಯಾಗಿ ಈ ಎರಡರ ನಡುವೆಯೇ ಎಂದರು ಅವರು. ಮೊದಲನೇ ಹೊತ್ತು ಹಿಡಿದರೆ ಅಲ್ಪಾಯುಷಿ. ಎರಡನೆಯದಾದರೆ ಎಂಬತ್ತು ದಾಟುವ ಜಾತಕ, ಮೇಲೆ ರಾಜಯೋಗ. "ಉಸಿರು ಬಂದದ್ದ ಖರೆ ಜನ್ಮಕಾಲರೀ," ಎಂದು ತೀರ್ಪನ್ನೂ ಕೊಟ್ಟರು. ಅವ್ವ ಗಲ್ಲ ಗಲ್ಲ ಬಡಿದುಕೊಂಡಳು.

"ನೋಡವಾ, ಛಲೋ ಗಳಿಗಿ ಬರೂತನಕಾ ದೇವರ ಅವನ್ನ ತಡದು ಇಟ್ಟಾನ."

ನನಗೆ ನಗು ಬಂತು, ಅವಳಿಗೆ ಹೊಡೆಯಬೇಕೆಂದೂ ಅನಿಸಿತು. ಆ ರಾಜಯೋಗವನ್ನು ಅವಳು ಪಕ್ಕದ ಫ್ಲ್ಯಾಟಿನ ಗುಜರಾತಿ ಅಜ್ಜಿಗೂ ಹರಕುಮುರುಕು ಹಿಂದಿಯಲ್ಲಿ ಓದಿ ಹೇಳಿದಳು.

ಮಗನ ಮಿದುಳಿನ ಸ್ಕ್ಯಾನಿನ ಫಲ ತಿಳಿಸುವ ದಿನ ಅವ್ವನೂ ನನ್ನ ಮತ್ತು ನನ್ನ ಗಂಡನ ಜೊತೆ ಬಂದಳು. ಡಾಕ್ಟರಮ್ಮ ಒಳ್ಳೆಯವಳು. ಟಿಶ್ಯೂ ಡಬ್ಬಿಯನ್ನು ನಮ್ಮತ್ತ ಸರಿಸಿ ಆಮೇಲೆ ಮಾತು ಶುರು ಮಾಡಿದಳು. ಅವ್ವನಿಗೆ ಇಂಗ್ಲಿಷ್ ಬಾರದು. ಮನೆಗೆ ಮರಳುವ ಬಸ್ಸಿನಲ್ಲಿ ನಾನೇ ಹೇಳಿದೆ. ಡಾಕ್ಟರು 'ಬಹುಶಃ' ಎಂದದ್ದನ್ನೆಲ್ಲ ಬೇಕೆಂದೇ ಬಿಟ್ಟು ಹೇಳಿದೆ.

"ನಿನ್ನ ದೇವರು ತಡದು ಇಟ್ಟನಲ್ಲಾ, ಆ ಹನ್ನೊಂದು ನಿಮಿಷ ಅವನ ಮಿದುಳಿಗೆ ಆಕ್ಸಿಜನ್ ಸಿಕ್ಕಿಲ್ಲ. ಅವ ನಡಿಯೂದಿಲ್ಲ. ಮಾತಾಡೂದಿಲ್ಲ. ನನ್ನ ಗುರುತು ಹಿಡೀತಾನೋ ಇಲ್ಲೋ, ಅದೂ ಗೊತ್ತಿಲ್ಲ."

ಅವಳ ಮುಖ ಸಣ್ಣದಾಯಿತು. ನಾಚಿಕೆ ಬಿಟ್ಟು ಬರೆಯುತ್ತೇನೆ, ನನಗೆ ಹಿತವೆನಿಸಿತು. ಅಷ್ಟು ದಿನ ಉರಿದದ್ದು ನಾನೊಬ್ಬಳೇ.

ಎರಡು ಸ್ಟಾಪ್ ದಾಟಿದ ಮೇಲೆ ಅವ್ವ ಕೇಳಿದಳು, "ಎಂಬತ್ತು ವರ್ಷ... ನೀ ಹೋದಮ್ಯಾಲೆ ಅವನ್ನ ಯಾರ ನೋಡ್ತಾರ?"

ನಾನು ಎದ್ದು ಬಸ್ಸಿನ ಬಾಗಿಲ ಹತ್ತಿರ ಹೋಗಿ ನಿಂತೆ.

ಮರುದಿನ ಬೆಳಿಗ್ಗೆ, ಆಸ್ಪತ್ರೆಗೆ ಒಯ್ಯಲು ಹಿಂಡಿಟ್ಟ ಎದೆಹಾಲಿನ ಬಾಟಲಿ ಹಿಡಿದು ಅಡುಗೆಮನೆಯ ಬಾಗಿಲಿಗೆ ಬಂದೆ. ಒಳಗೆ ಅವ್ವ ನನಗೆ ಬೆನ್ನು ಮಾಡಿ ಫೋನಿನಲ್ಲಿ ಮಾತಾಡುತ್ತಿದ್ದಳು.

"ಆಚಾರ್ರ, ಆ ಜಾತಕ ಹರದು ಒಗೀರಿ. ಮೊದಲನೇ ಹೊತ್ತು ಹಿಡದು ಬರೀರಿ. ಹೂಂನ್ರಿ... ಅಲ್ಪಾಯುಷಿ ಅಂದಿದ್ರಲ್ಲಾ, ಅದ."

ಹೋಗಿ ಫೋನು ಕಸಿದುಕೊಳ್ಳಬಹುದಿತ್ತು. ಅವಳು ಹೇಳಿ ಮುಗಿಸುವ ತನಕ, ಮಗನ ಹಾಲು ಕೈಯಲ್ಲಿ ಹಿಡಿದು, ಸುಮ್ಮನೆ ನಿಂತಿದ್ದೆ.