ಸೈಕಲ್ ಸೀಟಿನ ಮೇಲಿದ್ದ ಆರು ತಿಂಗಳು

ಆ ಬೀದಿಯಲ್ಲಿ ಅವಳ ಹೆಸರು ಯಾರಿಗೂ ಬೇಕಾಗಿರಲಿಲ್ಲ. ಬೆಳಿಗ್ಗೆ ಮೊದಲು ಏಣಿ ಮೂಲೆ ತಿರುಗುತ್ತಿತ್ತು, ಆಮೇಲೆ ಅದನ್ನು ಹೊತ್ತ ಅವಳು. ಹಾಗಾಗಿ ಎಲ್ಲರ ಬಾಯಲ್ಲೂ ಅವಳು ಏಣಿಯೇ. ಮನೆಗಳಿಗೆ ಬಣ್ಣ ಬಳಿಯುವುದು ಅವಳ ಕೆಲಸ. ಕಲಿಸಿದ ಮೇಸ್ತ್ರಿಗೆ ಮಂಡಿನೋವು ಬಂದು ಮೇಲೆ ಹತ್ತಲಾಗದೆ ಹೋದಾಗ, ತನ್ನ ಏಣಿಯನ್ನು ಅವಳ ಹೆಗಲಿಗೆ ದಾಟಿಸಿ, "ಇನ್ನು ನೀನು ಮೇಲೆ, ನಾನು ಕೆಳಗೆ" ಎಂದಿದ್ದ. ಅಂದಿನಿಂದ ಅವಳದು ಸ್ವಂತ ಕೆಲಸ.

ಮೇಸ್ತ್ರಿ ಕಲಿಸಿದ ಒಂದು ಅಭ್ಯಾಸವನ್ನು ಅವಳು ಎಂದೂ ತಪ್ಪಿಸಲಿಲ್ಲ. ಒಂದು ಮನೆ ಮುಗಿದ ದಿನ, ಬ್ರಷ್ ತೊಳೆಯುವ ಮೊದಲು, ಆ ಮನೆಯ ಬಣ್ಣವನ್ನು ತನ್ನ ಪ್ಯಾಂಟಿನ ಮೇಲೆ ಬೆರಳಗಲ ಎಳೆಯುತ್ತಿದ್ದಳು. ಮುಂದೆ ಯಾರಾದರೂ ಕುರ್ಚಿ ತಾಗಿ ಗೋಡೆ ಕೆರೆದುಹೋಯಿತೆಂದು ಕರೆದರೆ ಒಣಗಿದ ಬಣ್ಣ ಜೊತೆಯಲ್ಲೇ ಇರುತ್ತದೆ, ಅದನ್ನು ನೋಡಿಕೊಂಡು ಕಲಸಬಹುದು. ಮೊದಲ ವರ್ಷದ ಪಟ್ಟೆಗಳು ಬಲಗಾಲಿನ ತೊಡೆಯಿಂದ ಪಾದದ ತನಕ ಇಳಿದವು. ಎರಡನೆಯ ವರ್ಷದವು ಎಡಗಾಲಿಗೆ ಹೋದವು. ಆಮೇಲೆ ಹೊಸ ಪ್ಯಾಂಟು.

ಅವಳಿಗೆ ಒಂದೇ ಒಂದು ಗೋಡೆಯ ಮೇಲೆ ಆಸೆಯಿತ್ತು. ಅದು ಅವಳು ಓದಿದ ಶಾಲೆಯ ಮೆಟ್ಟಿಲ ಪಕ್ಕದ್ದು, ಎರಡು ಮಹಡಿಯಷ್ಟು ಎತ್ತರ. ಅಲ್ಲಿ ಸುಣ್ಣ ಎದ್ದುಹೋಗಿ ಮಲಗಿದ ನಾಯಿಯಂಥ ಆಕಾರವಾಗಿತ್ತು. ಮೆಟ್ಟಿಲು ಹತ್ತುವಾಗಲೆಲ್ಲ ಮಕ್ಕಳು ಅದರ ಮೂಗು ಮುಟ್ಟಿ ಮುಟ್ಟಿ, ನಾಯಿ ವರ್ಷ ವರ್ಷಕ್ಕೆ ಬೆಳೆಯುತ್ತಿತ್ತು. ಆ ಶಾಲೆಯಲ್ಲಿ ಅವಳು ಕಲಿತದ್ದರಲ್ಲಿ ಗಣಿತ ಕಡಿಮೆ, ಗೋಡೆ ಜಾಸ್ತಿ.

ಆ ವರ್ಷ ಶಾಲೆಗೆ ಬಣ್ಣ ಹೊಡೆಸುತ್ತಾರೆಂದು ಸುದ್ದಿ ಬಂತು. ಅವಳು ಕೈ ತೊಳೆದುಕೊಂಡು ಶಾಲೆಯ ಆಫೀಸಿಗೆ ಓಡಿದಳು. ಗುಮಾಸ್ತರು ತಲೆ ಎತ್ತದೆ ಹೇಳಿದರು: "ಅರ್ಜಿ ಜೊತೆ ಮೂರು ವರ್ಷದ ಇನ್‌ಕಮ್ ಟ್ಯಾಕ್ಸ್ ರಿಟರ್ನ್ಸ್ ಕಾಪಿ ಇಡ್ಬೇಕು. ಮುಂದಿನ ಶುಕ್ರವಾರ ಕೊನೆ."

ಅವಳು ಮೂರೂ ವರ್ಷ ರಿಟರ್ನ್ಸ್ ಸಲ್ಲಿಸಿರಲಿಲ್ಲ.

ಮೋಸ ಮಾಡಬೇಕೆಂದಲ್ಲ. ಮೊದಲ ವರ್ಷ ಯಾರನ್ನು ಕೇಳಬೇಕೆಂದು ತಿಳಿಯಲಿಲ್ಲ. ಎರಡನೆಯ ವರ್ಷ, ಮೊದಲನೆಯದನ್ನೇ ಕೊಡದೆ ಎರಡನೆಯದನ್ನು ಯಾವ ಮುಖದಲ್ಲಿ ಕೊಡುವುದು ಎಂಬ ಸಂಕೋಚ. ಗೆಳತಿಯ ಪತ್ರಕ್ಕೆ ಉತ್ತರ ಬರೆಯದೆ ಬಿಟ್ಟವರು ಆಮೇಲೆ ಅವಳ ಬೀದಿಗೇ ಹೋಗುವುದಿಲ್ಲವಲ್ಲ, ಹಾಗೆ. ಮೂರನೆಯ ವರ್ಷ ತೆರಿಗೆ ಕಚೇರಿಯ ಮುಂದಿನ ರಸ್ತೆಯನ್ನೇ ಬಿಟ್ಟು ಸುತ್ತು ಹಾಕಿ ಕೆಲಸಕ್ಕೆ ಹೋಗತೊಡಗಿದ್ದಳು, ಅದೂ ಏಣಿ ಹೊತ್ತು.

"ಜೈಲಿಗೆ ಹಾಕ್ತಾರೇನೇ?" ಎಂದಳು ಅಮ್ಮ, ಹೊಲಿಗೆ ಯಂತ್ರ ನಿಲ್ಲಿಸಿ.

"ಹಾಕಿದ್ರೆ ಅಲ್ಲಿನ ಗೋಡೆಗೂ ಬಣ್ಣ ಬೇಕಿರುತ್ತೆ ಬಿಡು" ಎಂದರು ಅಪ್ಪ. ಅಪ್ಪನದು ಬೀಗ ರಿಪೇರಿ. ಕೀಲಿಗಳ ಗೊಂಚಲನ್ನು ಸೈಕಲ್ಲಿಗೆ ನೇತುಹಾಕಿಕೊಂಡು ಊರೆಲ್ಲ ಸುತ್ತುವ ಮನುಷ್ಯ. ಮುಚ್ಚಿದ್ದು ಯಾವುದಾದರೂ ತೆರೆಯುತ್ತದೆ ಎಂಬುದು ಅವರ ನಂಬಿಕೆ, ಕಸುಬೂ ಅದೇ.

ತೆರಿಗೆ ಸಲಹೆಗಾರ್ತಿಯ ಕೋಣೆ ಒಂದು ಲಾಂಡ್ರಿಯ ಮೇಲಿತ್ತು. ಕೆಳಗಿನ ಇಸ್ತ್ರಿಯ ಹಬೆ ಕಿಟಕಿಯಿಂದ ಮೇಲೇರಿ, ಅಲ್ಲಿನ ಕಾಗದಗಳೆಲ್ಲ ಸದಾ ಬೆಚ್ಚಗಿರುತ್ತಿದ್ದವು. ಕನ್ನಡಕವನ್ನು ತಲೆಯ ಮೇಲೆ ಸಿಕ್ಕಿಸಿಕೊಂಡು ಮೇಜಿನ ಮೇಲೆ ಹುಡುಕುವ ಹೆಂಗಸು ಆಕೆ. ಏಣಿ ತಲೆ ತಗ್ಗಿಸಿ ಎಲ್ಲವನ್ನೂ ಹೇಳಿದಳು.

"ಇಷ್ಟೇನಾ?" ಎಂದರು ಆಕೆ. "ನಾನೇನೋ ಬ್ಯಾಂಕು ದೋಚಿದೀಯ ಅಂದ್ಕೊಂಡೆ. ಅಷ್ಟು ಸಪ್ಪೆ ಮುಖ ಮಾಡ್ಕೊಂಡು ಬಂದೆಯಲ್ಲ. ತಡವಾಗಿದೆ, ದಂಡ ಕಟ್ಟು, ಮುಗೀತು. ಬ್ಯಾಂಕಿಗೆ ಬಂದ ಹಣ ಪಾಸ್‌ಬುಕ್ಕಲ್ಲಿ ಕಾಣುತ್ತೆ. ನಗದಾಗಿ ಕೊಟ್ಟವರು?"

"ಸುಮಾರು ಜನ ಇದಾರೆ, ಮೇಡಂ. ನೆನಪಿಲ್ಲ."

"ಬಿಟ್ರೆ ಸುಳ್ಳಾಗುತ್ತೆ. ಅಂದಾಜು ಬರೆದ್ರೂ ಸುಳ್ಳೇ. ಯಾರ ಮನೆ, ಯಾವ ವರ್ಷ, ಎಷ್ಟು ಕೊಟ್ರು, ಅವರ ಕೈಲೇ ಒಂದು ಚೀಟಿ ಬರೆಸ್ಕೊಂಡು ಬಾ. ಎಲ್ಲಾದ್ರೂ ಗುರುತು ಹಾಕಿಟ್ಟಿರ್ತೀಯಲ್ಲ?"

ಅವಳು ತನ್ನ ಕಾಲು ನೋಡಿಕೊಂಡಳು. ಹೊಸ ಪ್ಯಾಂಟಿನ ಬಲಗಾಲಿನಲ್ಲಿ ಮೂರನೆಯ ವರ್ಷ ಪೂರ್ತಿ ಇತ್ತು.

ಮನೆಗೆ ಹೋಗಿ ಚಿಂದಿ ಚೀಲ ಬೋರಲು ಹಾಕಿದಳು. ಹಳೆಯ ಪ್ಯಾಂಟು ಸಿಕ್ಕಿತು. ಆದರೆ ಎಡಗಾಲು ಮಂಡಿಯಿಂದ ಕೆಳಗೆ ಇರಲಿಲ್ಲ. ಎರಡನೆಯ ವರ್ಷದ ಅರ್ಧಭಾಗವನ್ನು ಯಾರೋ ಕತ್ತರಿಯಲ್ಲಿ ನೇರವಾಗಿ ಕತ್ತರಿಸಿಕೊಂಡು ಹೋಗಿದ್ದರು. ಅಷ್ಟು ನೇರವಾಗಿ ಕತ್ತರಿಸುವವರು ಆ ಮನೆಯಲ್ಲಿ ಒಬ್ಬರೇ.

"ಅಮ್ಮಾ, ಇದರ ಕಾಲೆಲ್ಲಿ?"

"ಮೊಳೆಗೆ ಸಿಕ್ಕಿ ಹರಿದಿತ್ತಲ್ಲೇ. ಬಟ್ಟೆ ಗಟ್ಟಿ ಇತ್ತು. ನಿಮ್ಮಪ್ಪನ ಸೈಕಲ್ ಸೀಟಿಗೆ ಕವರ್ ಹೊಲಿದೆ." ಅಮ್ಮ ಕೊಂಚ ಹೆಮ್ಮೆಯಿಂದಲೇ ಹೇಳಿದಳು. ಆಮೇಲೆ ಮಗಳ ಮುಖ ನೋಡಿ, "ಯಾಕೆ?"

"ಏನಿಲ್ಲ. ನನ್ನ ಆರು ತಿಂಗಳಿನ ಮೇಲೆ ಅಪ್ಪ ಕೂತಿದಾರೆ."

ಅವಳು ಬೀದಿಗಿಳಿದು ನಿಂತು ಕಿವಿಗೊಟ್ಟಳು. ಕೀಲಿಗಳ ಸದ್ದು ಬ್ರೆಡ್ ಅಂಗಡಿಯ ಕಡೆಯಿಂದ ಬಂತು. ಓಡಿದಳು. ಅಷ್ಟರಲ್ಲಿ ಸದ್ದು ಸೇತುವೆ ದಾಟಿತ್ತು. ಕ್ಷೌರದಂಗಡಿಯವನು ಬಾಗಿಲಿಗೆ ಬಂದು, "ಏಣಿ ಎಲ್ಲಮ್ಮಾ ಏಣಿ? ಮನೇಲೇ ಬಿಟ್ಟು ಬಂದ್ಯಾ?" ಎಂದು ಕೇಳಿದ. ಸೇತುವೆಯಾಚೆ ಮೂರನೆಯ ಓಣಿಯಲ್ಲಿ ಒಂದು ಗೋಡೆಗೆ ಸೈಕಲ್ ಒರಗಿತ್ತು. ಅಪ್ಪ ಒಳಗೆ ಯಾರದೋ ಕಪಾಟು ತೆರೆಯುತ್ತಿದ್ದರು. ಅವಳು ಜೇಬಿನಿಂದ ಬಣ್ಣ ಕೆರೆಯುವ ಪಟ್ಟಿ ತೆಗೆದು ಅಮ್ಮನ ಹೊಲಿಗೆಯನ್ನು ಒಂದೊಂದಾಗಿ ಬಿಡಿಸಿದಳು.

ಮೇಲ್ಭಾಗ ಸವೆದು ಮಣ್ಣಿನ ಬಣ್ಣಕ್ಕೆ ತಿರುಗಿತ್ತು. ಆದರೆ ಅಮ್ಮ ಅಂಚನ್ನು ಅಗಲವಾಗಿಯೇ ಮಡಚಿ ಹೊಲಿಯುವವಳು. ಮಡಿಕೆ ಬಿಚ್ಚಿದಂತೆ ಒಳಗಿನಿಂದ ಬಣ್ಣಗಳು ನಿನ್ನೆ ಬಳಿದಷ್ಟು ಹೊಸದಾಗಿ ಎದ್ದು ಬಂದವು. ಸಂಗೀತದ ಮೇಷ್ಟ್ರ ಕೋಣೆಯ ನೇರಳೆ. ಹಲ್ಲಿನ ಡಾಕ್ಟರ ಮನೆಯ ಹಳದಿ; ಬೇಡ ಡಾಕ್ಟ್ರೇ, ಪೇಷೆಂಟ್ಸ್ ನಗ್ತಾರೆ ಎಂದರೂ ಅವರು ಕೇಳಿರಲಿಲ್ಲ. ಹೊಸದಾಗಿ ಮದುವೆಯಾದ ಜೋಡಿಯೊಂದು ಎರಡು ಹಸಿರಿನ ನಡುವೆ ಜಗಳವಾಡಿ ಕೊನೆಗೆ ಎದುರುಬದುರು ಗೋಡೆಗಳನ್ನು ಹಂಚಿಕೊಂಡಿತ್ತು, ಅದಕ್ಕೆ ಎರಡು ಅರೆಪಟ್ಟೆ. ಹಾಸಿಗೆ ಹಿಡಿದ ಒಬ್ಬ ಅಜ್ಜಿ ಚಾವಣಿಗೆ ಮಾತ್ರ ಬಣ್ಣ ಬೇಕೆಂದಿದ್ದಳು, ಮಲಗಿ ನೋಡಲು. ತಿಳಿನೀಲಿ. ನೆನಪಿಲ್ಲವೆಂದುಕೊಂಡಿದ್ದ ಮನೆಗಳೆಲ್ಲ ಬಾಗಿಲು ತೆರೆದು ನಿಂತವು.

ಅಪ್ಪ ಹೊರಬಂದು ಬೋಳು ಸೀಟನ್ನು ನೋಡಿದರು.

"ಕವರೆಲ್ಲಿ?"

"ಇನ್‌ಕಮ್ ಟ್ಯಾಕ್ಸಿಗೆ ಹೋಗ್ತಿದೆ, ಅಪ್ಪಾ."

"ಬೇರೆಯವರ ಆಸ್ತಿ ಜಪ್ತಿ ಮಾಡ್ತಾರೆ ಅಂತ ಕೇಳಿದ್ದೆ. ನಂದು ಸೀಟಿಂದ ಶುರುವಾಯ್ತಾ?" ಅಪ್ಪ ನಗುತ್ತ ಪೆಡಲ್ ಮೇಲೆ ನಿಂತೇ ಸೈಕಲ್ ತುಳಿದುಕೊಂಡು ಹೋದರು.

ಸಲಹೆಗಾರ್ತಿಯ ಮೇಜಿನ ಮೇಲೆ ಅವಳು ಮುಕ್ಕಾಲು ಪ್ಯಾಂಟು ಮತ್ತು ಒಂದು ಸೀಟಿನ ಕವರು ಹರಡಿದಳು. ತೊಟ್ಟ ಪ್ಯಾಂಟನ್ನು ಮೇಜಿನ ಮೇಲಿಡಲಾಗದೆ, ಕಾಲನ್ನೇ ಕುರ್ಚಿಯ ಮೇಲಿಟ್ಟು ನಿಂತಳು. ಆಕೆ ಬಹಳ ಹೊತ್ತು ನೋಡಿದರು.

"ಈ ಮೇಜಿನ ಮೇಲೆ ಚಪ್ಪಲಿ ಡಬ್ಬ ಬಂದಿದೆ, ದಿಂಬಿನ ಕವರ್ ಬಂದಿದೆ. ಪ್ಯಾಂಟು ಇದೇ ಮೊದಲು. ಇದನ್ನ ಲಗತ್ತಿಸೋಕೆ ಆಗಲ್ಲ, ಗೊತ್ತಲ್ಲ? ಇದು ನಿನಗೆ ದಾರಿ ತೋರಿಸೋಕೆ. ಹೊರಡು, ಚೀಟಿ ತಗೊಂಡು ಬಾ." ಆಮೇಲೆ ಕನ್ನಡಕವನ್ನು ತಲೆಯಿಂದ ಮೂಗಿಗಿಳಿಸಿ ಬಾಗಿದರು. "ಈ ಗುಲಾಬಿ ಯಾರ ಮನೇದು?"

"ನಮ್ಮನೆ ಅಡುಗೆಮನೇದು. ಅಮ್ಮ ದುಡ್ಡು ಕೊಟ್ಟಿಲ್ಲ."

"ಸರಿ, ಅದೊಂದನ್ನ ಬಿಡೋಣ."

ಇದನ್ನು ಕೇಳಿದ ಅಮ್ಮ ರಾತ್ರಿ ಊಟದ ಹೊತ್ತಿಗೆ ಗೊಣಗಿದಳು: "ಎರಡು ಹೊತ್ತು ಬಿಸಿಬಿಸಿ ಊಟ ಹಾಕಿದ್ದೆ. ಅದು ಲೆಕ್ಕಕ್ಕಿಲ್ವಂತಾ?"

ಆ ವಾರ ಅವಳು ಏಣಿಯಿಲ್ಲದೆ ಊರು ಸುತ್ತಿದಳು. ಹೆಗಲು ಹಗುರವಾಗಿತ್ತು, ಎದೆ ಮಾತ್ರ ಭಾರ. ಚೀಟಿ ಕೇಳಿದರೆ ಜನ ಏನೆನ್ನುತ್ತಾರೋ ಎಂಬ ಅಳುಕು. ಆದರೆ ಬಾಗಿಲು ತೆರೆದವರು ಚೀಟಿಗಿಂತ ಮೊದಲು ಗೋಡೆ ತೋರಿಸಿದರು. ಸಂಗೀತದ ಮೇಷ್ಟ್ರು, ಈ ನೇರಳೆ ಬಂದ ಮೇಲೆ ಮಕ್ಕಳು ತಾಳ ತಪ್ಪುವುದು ಕಡಿಮೆಯಾಗಿದೆ ಎಂದರು. ನಂಬುವಂತಿರಲಿಲ್ಲ, ಆದರೂ ಅವಳಿಗೆ ಹಿತವಾಯಿತು. ಎರಡು ಹಸಿರಿನ ಜೋಡಿಗೆ ಮಗುವಾಗಿತ್ತು. ಮೂರನೆಯ ಗೋಡೆಯ ಬಣ್ಣಕ್ಕೆ ಈಗ ಮೂವರ ಜಗಳ. ಚೀಟಿಯ ಜೊತೆಗೆ ಆ ಗೋಡೆಯ ಕೆಲಸವೂ ಸಿಕ್ಕಿತು. ಅಜ್ಜಿ ಚಾವಣಿ ನೋಡುತ್ತಲೇ ಮಲಗಿದಲ್ಲೇ ಬರೆದುಕೊಟ್ಟಳು. "ಆ ಮೂಲೇಲಿ ಒಂದು ಮೋಡ ಬಂದಿದೆ ನೋಡು. ಒರೆಸಬೇಡ" ಎಂದಳು. ಅದು ತೇವದ ಕಲೆ. ಅವಳು ಒರೆಸಲಿಲ್ಲ.

ಗುರುವಾರ ಮಧ್ಯಾಹ್ನ ಲಾಂಡ್ರಿಯ ಹಬೆಯ ನಡುವೆ ಮೂರೂ ವರ್ಷಗಳ ರಿಟರ್ನ್ಸ್ ಒಂದರ ಹಿಂದೊಂದು ಹೋದವು. ಮೊದಲ ವರ್ಷದ ಗಳಿಕೆ ತೆರಿಗೆ ಬೀಳುವಷ್ಟಿರಲಿಲ್ಲ. ಉಳಿದ ಎರಡಕ್ಕೆ ತೆರಿಗೆ, ದಂಡ ಎಲ್ಲ ಸೇರಿ ಹೊಸ ಏಣಿಗೆಂದು ಕೂಡಿಟ್ಟದ್ದು ಖಾಲಿಯಾಯಿತು. ಹಳೆಯ ಏಣಿ ಇನ್ನೊಂದು ವರ್ಷ ಕಿರುಗುಟ್ಟಬೇಕಾಯಿತು. ಅಂದು ಸಂಜೆ ಅವಳು ಸುತ್ತು ಹಾಕದೆ, ತೆರಿಗೆ ಕಚೇರಿಯ ಮುಂದಿನ ರಸ್ತೆಯಲ್ಲೇ ಮನೆಗೆ ನಡೆದಳು. ಎಷ್ಟು ಹತ್ತಿರದ ದಾರಿ. ಕಚೇರಿಯ ಗೋಡೆಗೆ ಬಣ್ಣ ಹೊಡೆದವರು ಪ್ರೈಮರ್ ಹಾಕಿಲ್ಲವೆಂಬುದೂ ಕಣ್ಣಿಗೆ ಬಿತ್ತು.

ಶುಕ್ರವಾರ ಶಾಲೆಯ ಗುಮಾಸ್ತರು ಕಾಗದಗಳನ್ನು ತಿರುವಿ ಹಾಕಿ, ಮೊದಲ ಸಲ ತಲೆ ಎತ್ತಿದರು. "ಮೂರೂ ಇದೆ" ಎಂದರು. ರಜೆ ಶುರುವಾದ ದಿನ ಕೆಲಸ ಅವಳ ಪಾಲಿಗೆ ಬಂತು.

ಮೆಟ್ಟಿಲ ಗೋಡೆಗೆ ಕೆರೆಯುವ ಪಟ್ಟಿ ತಾಗಿಸುವ ಮೊದಲು ಅವಳು ಆಚೀಚೆ ನೋಡಿ ನಾಯಿಯ ಮೂಗನ್ನು ಒಮ್ಮೆ ಮುಟ್ಟಿದಳು. ಆಮೇಲೆ ಉಜ್ಜಿದಳು, ತುಂಬಿದಳು, ಮೇಲಿನಿಂದ ಕೆಳಗೆ ಎರಡು ಸಲ ಬಳಿದಳು. ಮಾಗಿದ ಬಿಸಿಲಿನಂಥ ಬಣ್ಣ. ಎಲ್ಲ ಮುಗಿದು ಕೊನೆಯ ಮೆಟ್ಟಿಲಲ್ಲಿ ಕೂತು, ಬ್ರಷ್ಷಿನಲ್ಲಿ ಉಳಿದದ್ದನ್ನು ಎಡಗಾಲಿನ ಮೇಲೆ ಎಳೆದುಕೊಂಡಳು. ನಂತರ, ಸಲಹೆಗಾರ್ತಿ ಕೊಟ್ಟ ಬಿಲ್ ಪುಸ್ತಕ ತೆರೆದು, ಒಣಗದ ಬಣ್ಣ ಕಾಗದಕ್ಕೆ ತಾಗದಂತೆ ಕಾಲು ಚಾಚಿ, ಮೊದಲ ಬಿಲ್ ಬರೆದಳು.

ಗೇಟಿನ ಬಳಿ ಕೀಲಿಗಳ ಸದ್ದಾಯಿತು. ಅಪ್ಪ ಒಂದು ಕಾಲು ನೆಲಕ್ಕೂರಿ ಕಾಯುತ್ತಿದ್ದರು. ಸೀಟಿಗೆ ಅಮ್ಮ ಹಳೆಯ ಪರದೆಯ ಕವರ್ ಹೊಲಿದಿದ್ದಳು, ಅದು ನುಣುಪು.

"ಜಾರ್ತಾ ಇದೆ ಕಣೇ" ಎಂದರು ಅಪ್ಪ. ಅವಳ ಪ್ಯಾಂಟನ್ನು ನೋಡಿ, "ನಿನ್ನ ಮೂರನೇ ವರ್ಷ ಯಾವಾಗ ಹರಿಯುತ್ತೆ?"

"ಅದರ ಲೆಕ್ಕ ಕೊಟ್ಟಾಯ್ತು ಅಪ್ಪಾ. ಬೇಕಾದ್ರೆ ನಾಳೆನೇ ಕತ್ತರಿಸ್ಕೊಳ್ಳಿ. ಬಲಗಾಲು ಮಾತ್ರ."