ಅರಕಲಗೂಡು ಬಸ್ಸಿನಲ್ಲಿ ನನ್ನ ಕಾರ್ಡು

ಹಲ್ಲಿ ಲೊಚಗುಟ್ಟಿದರೆ ನಮ್ಮ ಮನೆಯಲ್ಲಿ ಎಲ್ಲರೂ ಕೈಗೆ ಸಿಕ್ಕಿದ್ದರ ಮೇಲೆ ಬೆರಳು ಕುಟ್ಟಿ ‘ಕೃಷ್ಣ ಕೃಷ್ಣ’ ಅನ್ನುತ್ತಾರೆ. ನಾನೊಬ್ಬಳು ರಾಗಿ ಹಿಟ್ಟು ಜರಡಿ ಹಿಡಿಯುತ್ತಾ ಸುಮ್ಮನೆ ಕೂತಿರುತ್ತೇನೆ. ಬೆಕ್ಕು ಅಡ್ಡ ಬಂದರೆ ನಿಲ್ಲುವವಳಲ್ಲ. ಕನಸು ಬಿತ್ತು ಅಂತ ಯಾರಾದರೂ ಹೇಳಲು ಬಂದರೆ, ರಾತ್ರಿ ಏನು ಊಟ ಮಾಡಿದ್ದಿರಿ ಎಂದು ಕೇಳಿದ್ದೇನೆ. ಇಂಥವಳು ಈಗ ಹೀಗೊಂದು ಸಂಗತಿ ಬರೆಯಲು ಕೂತಿದ್ದೇನೆ ಅಂದರೆ ಮನೆಯವರೇ ನಗುತ್ತಾರೆ. ನೀವೂ ನಗಬಹುದು. ನಡೆದದ್ದನ್ನು ನಡೆದ ಹಾಗೆ ಹೇಳುವುದಷ್ಟೇ ನನ್ನಿಂದಾಗುವುದು.

ಸರೋಜ ನಮ್ಮ ಯಜಮಾನರ ತಂಗಿ. ಗಂಡ ತೀರಿಕೊಂಡ ಮೇಲೆ ಬಾಗೂರಿಗೆ ನಮ್ಮ ಮನೆಗೇ ಬಂದಳು. ಮಾತಿಗೆ ಅವಳನ್ನು ಬಿಟ್ಟರಿಲ್ಲ. ಸಂತೆಗೆ ಬದನೆಕಾಯಿಗೆಂದು ಹೋದರೆ, ಮಾರುವವನ ಮನೆಯ ಕಷ್ಟಸುಖ ವಿಚಾರಿಸಿ, ಅವನಿಗೆ ಬುದ್ಧಿವಾದ ಹೇಳಿ, ಕೊನೆಗೆ ಬದನೆಕಾಯಿ ಮರೆತು ಬರುವಂಥವಳು. ಗುರುತಿಲ್ಲದವರನ್ನೂ ಬೈಯುವಳು, ಬೈಸಿಕೊಂಡವರೂ ಅವಳನ್ನು ಊಟಕ್ಕೆ ಕರೆಯುವರು. ಅಂಥವಳು ಒಂದು ಬೆಳಿಗ್ಗೆ ಒಲೆ ಮುಂದೆ ಕೂತಿದ್ದ ಹಾಗೇ ಪಕ್ಕಕ್ಕೆ ವಾಲಿದಳು. ಆಸ್ಪತ್ರೆಯವರು ಜೀವ ಉಳಿಸಿದರು. ಬಲಗೈ ಮಡಚಿಕೊಂಡಿತು, ಕಾಲು ಎಳೆಯುವಂತಾಯಿತು. ಮಾತು ಪೂರ್ತಿ ಹೋಯಿತು.

ಪೂರ್ತಿ ಅಂದರೆ ತಪ್ಪಾಗುತ್ತದೆ. ಒಂದೇ ಒಂದು ಮಾತು ಉಳಿದಿತ್ತು, ‘ಬತ್ತೀನಿ’. ನಮ್ಮ ಕಡೆ ಯಾರೂ ಹೋಗ್ತೀನಿ ಎಂದು ಹೇಳಿ ಮನೆಯಿಂದ ಹೊರಡುವುದಿಲ್ಲ. ಹೊಲಕ್ಕೆ ಹೋಗಲಿ, ದೂರದೂರಿಗೆ ಹೋಗಲಿ, ಹೇಳುವುದು ಬತ್ತೀನಿ ಎಂದೇ. ಜೀವಮಾನವೆಲ್ಲ ಆಡಿದ ಅಷ್ಟು ಮಾತಿನಲ್ಲಿ ಅದೊಂದೇ ಅವಳ ನಾಲಗೆಗೆ ಅಂಟಿಕೊಂಡಿತ್ತು. ಹಸಿವಾದರೂ ಬತ್ತೀನಿ, ನೋವಾದರೂ ಬತ್ತೀನಿ. ನೋಡಲು ಬಂದವರು ಹೇಗಿದೀಯವ್ವ ಅಂದರೆ ಬತ್ತೀನಿ ಅನ್ನುವಳು. ಅವರು ಪಾಪ, ತಾವೇ ಎದ್ದು ಹೋಗಬೇಕೇನೋ ಎಂದು ಚಪ್ಪಲಿ ಹುಡುಕುವರು.

ಹಾಸನದಲ್ಲಿ ಮಾತು ಕಲಿಸುವ ಒಬ್ಬ ಮೇಡಂ ಇದ್ದರು. ವಾರಕ್ಕೊಮ್ಮೆ ಅವಳನ್ನು ಅಲ್ಲಿಗೆ ಕರೆದುಕೊಂಡು ಹೋಗುವ ಕೆಲಸ ನನ್ನದು. ಬಾಗೂರಿನಿಂದ ಚನ್ನರಾಯಪಟ್ಟಣಕ್ಕೆ ಬಸ್ಸು, ಅಲ್ಲಿಂದ ಹಾಸನಕ್ಕೆ ರೈಲು. ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ಟಿಲ್ಲದ ಕಾಲ ಆಗಿನ್ನೂ ಬಂದಿರಲಿಲ್ಲ. ಆ ದಿನಗಳಲ್ಲಿ ನಮ್ಮ ಕಡೆ ಪ್ರಯೋಗಕ್ಕೆಂದು ದಿನದ ಪಾಸಿನ ಸ್ಮಾರ್ಟ್ ಕಾರ್ಡು ಬಂದಿತ್ತು. ಬೆಳಿಗ್ಗೆ ಒಮ್ಮೆ ಅದಕ್ಕೆ ದುಡ್ಡು ತುಂಬಿಸಿದರೆ ಆ ದಿನವೆಲ್ಲ ರೈಲೂ ಅದರಲ್ಲೇ, ಬಸ್ಸೂ ಅದರಲ್ಲೇ. ಮೆಶೀನಿಗೆ ಮುಟ್ಟಿಸಿದರೆ ಟಿಣ್ ಅನ್ನುತ್ತದೆ, ಅಷ್ಟೇ. ಅದು ಬಹಳ ಕಾಲ ನಡೆಯಲಿಲ್ಲ, ಈಗ ಅದರ ನೆನಪೂ ಅನೇಕರಿಗೆ ಇರಲಾರದು. ನಮಗೆ ಮಾತ್ರ ಅದರಿಂದ ದೊಡ್ಡ ಅನುಕೂಲವಾಗಿತ್ತು. ಕಂಡಕ್ಟರು ಎಲ್ಲಿಗಮ್ಮ ಎಂದು ಕೇಳುವುದಿಲ್ಲ, ಸರೋಜ ಬತ್ತೀನಿ ಎನ್ನುವುದಿಲ್ಲ, ಬಸ್ಸಿನವರು ತಿರುಗಿ ನೋಡುವುದಿಲ್ಲ. ಅವಳ ಕಾರ್ಡು ಅವಳ ಕೊರಳಲ್ಲಿ, ನನ್ನದು ನನ್ನ ಕೊರಳಲ್ಲಿ, ಪ್ಲಾಸ್ಟಿಕ್ಕಿನ ಚೀಲದೊಳಗೆ ದಾರ ಕಟ್ಟಿಕೊಂಡು. ಎರಡರ ಮೇಲೂ ಅವರವರ ಹೆಸರು.

ಆ ದಿನ ಮೇಡಂ ಹತ್ತಿರ ಮುಗಿಸಿಕೊಂಡು ಮಧ್ಯಾಹ್ನ ಹಾಸನದ ರೈಲ್ವೆ ಸ್ಟೇಷನ್ನಿಗೆ ಬಂದೆವು. ಗೇಟಿನಲ್ಲಿ ಸರೋಜ ಕಾರ್ಡು ಮುಟ್ಟಿಸಿದಳು, ಟಿಣ್ ಎಂದಿತು, ಒಳಗೆ ಹೋದಳು. ನನ್ನ ಕಾರ್ಡು ಹಿಡಿಯಲಿಲ್ಲ. ಸೆರಗಿನಲ್ಲಿ ಒರೆಸಿದೆ, ತಿರುಗಿಸಿ ಹಿಡಿದೆ. ಹಿಂದಿನಿಂದ ಕಾಲೇಜು ಮಕ್ಕಳ ಗುಂಪು ನುಗ್ಗಿತು. ಅವರ ಜೊತೆಯಲ್ಲೇ ಸರೋಜ ಎದುರಿಗೆ ನಿಂತಿದ್ದ ಗಾಡಿ ಹತ್ತುವುದು ಕಾಣಿಸಿತು. ಅದು ನಮ್ಮ ಗಾಡಿಯಲ್ಲ, ಹೊಳೆನರಸೀಪುರದ ಮೇಲೆ ಮೈಸೂರಿಗೆ ಹೋಗುವುದು. ನಾನು ಕೂಗಿಕೊಂಡು ಓಡುವಷ್ಟರಲ್ಲಿ ಹೊರಟುಬಿಟ್ಟಿತು. ನಮ್ಮ ಮನೆಯ ಫೋನ್ ನಂಬರು ಬರೆದ ಚೀಟಿ ಅವಳ ಕೈಚೀಲದಲ್ಲಿತ್ತು. ಕೈಚೀಲ ನನ್ನ ಹೆಗಲಲ್ಲಿತ್ತು.

ನನ್ನ ಭಯ ಏನು ಎಂದು ನಿಮಗೆ ಅರ್ಥವಾಗಿರಬಹುದು. ಬೇರೆ ಯಾರಾದರೂ ಆಗಿದ್ದರೆ ಟಿಕೆಟ್ ಕೇಳುವವರಿಗೆ ಊರು ಹೇಳಲಾಗದೆ ಸಿಕ್ಕಿಬೀಳುತ್ತಿದ್ದರು, ಯಾರೋ ಒಬ್ಬರು ವಿಚಾರಿಸುತ್ತಿದ್ದರು. ಇವಳ ಕೊರಳಲ್ಲಿ ದಿನದ ಪಾಸಿದೆ. ರೈಲಿಂದ ಬಸ್ಸಿಗೆ, ಬಸ್ಸಿಂದ ಬಸ್ಸಿಗೆ, ಯಾರೂ ಏನೂ ಕೇಳದೆ ಎಲ್ಲಿಗೆ ಬೇಕಾದರೂ ಹೋಗಬಲ್ಲಳು. ಕತ್ತಲಾದ ಮೇಲೆ ಯಾವುದೋ ಊರಲ್ಲಿ ನಿಂತರೆ ತನ್ನ ಹೆಸರು ಹೇಳಲಾರಳು, ಬಾಗೂರು ಎನ್ನಲಾರಳು.

ಸ್ಟೇಷನ್ನಿನವರು ಒಳ್ಳೆಯವರು, ಮುಂದಿನ ಸ್ಟೇಷನ್ನುಗಳಿಗೆ ಫೋನ್ ಮಾಡಿದರು. ಮೊಸಳೆಹೊಸಳ್ಳಿಯಲ್ಲಿ ಅಂಥವರು ಇಳಿದಿಲ್ಲ ಎಂದು ಉತ್ತರ ಬಂತು, ಹೊಳೆನರಸೀಪುರದಲ್ಲಿ ಯಾರೂ ಫೋನ್ ಎತ್ತಲಿಲ್ಲ. ನಾನು ಯಜಮಾನರಿಗೆ ವಿಷಯ ತಿಳಿಸಿ, ಬಸ್ ಸ್ಟ್ಯಾಂಡಿಗೆ ಓಡಿ ಹೊಳೆನರಸೀಪುರದ ಬಸ್ಸು ಹತ್ತಿದೆ. ಆ ಬಸ್ಸಿನಲ್ಲಿ ನನ್ನ ಕಾರ್ಡು ಸರಿಯಾಗಿಯೇ ಟಿಣ್ ಎಂದಿತು. ಇದನ್ನು ಬೇಕೆಂದೇ ಬರೆಯುತ್ತಿದ್ದೇನೆ, ಕಾರ್ಡು ಕೆಟ್ಟಿತ್ತು ಎಂದು ಯಾರೂ ಹೇಳದಿರಲಿ ಎಂದು.

ಹೊಳೆನರಸೀಪುರದ ಸ್ಟೇಷನ್ನಿನಲ್ಲಿ ಗೇಟಿನ ಹತ್ತಿರ ಇದ್ದವನಿಗೆ ಸರೋಜಳ ನೆನಪಿತ್ತು. ಕೈ ಮಡಚಿಕೊಂಡ ಹೆಂಗಸು ಇಳಿದರು, ಕಾರ್ಡು ಮುಟ್ಟಿಸಿದರು, ಹೊರಗೆ ಹೋದರು ಎಂದ. ಏನಾದರೂ ಹೇಳಿದಳಾ ಎಂದು ಕೇಳಿದೆ.

“ಬತ್ತೀನಿ ಅಂದ್ರು ಕಣಮ್ಮ. ಸರಿ, ಓಗ್ಬನ್ನಿ ಅಂದೆ.”

ಅವನ ತಪ್ಪೇನಿದೆ? ಬಸ್ ಸ್ಟ್ಯಾಂಡಿಗೆ ಬಂದು ಒಂದೊಂದು ಬಸ್ಸಿಗೂ ಇಣುಕಿ ಅವಳ ಹೆಸರು ಕೂಗಿದೆ. ಹೂವಿನವರನ್ನು ಕೇಳಿದೆ, ಹೋಟೆಲಿನವರನ್ನು ಕೇಳಿದೆ. ಯಾರೂ ನೋಡಿಲ್ಲ. ಆಗ ಚನ್ನರಾಯಪಟ್ಟಣದ ಬಸ್ಸು ಬಂದು ನಿಂತಿತು. ಸರೋಜಳಿಗೆ ಮಾತು ಹೋಗಿದೆಯೇ ಹೊರತು ಬುದ್ಧಿ ಹೋಗಿಲ್ಲ, ಮನೆ ಕಡೆಯ ಬಸ್ಸನ್ನೇ ಹುಡುಕಿರುತ್ತಾಳೆ, ಇದಕ್ಕಿಂತ ಮುಂಚಿನ ಬಸ್ಸಿನಲ್ಲಿ ಪಟ್ಟಣಕ್ಕೆ ಹೋಗಿರಬಹುದು ಎಂದುಕೊಂಡು ಹತ್ತಿದೆ. ಕಂಡಕ್ಟರು ನನ್ನ ಕಾರ್ಡು ಇಸಿದುಕೊಂಡು ಮೆಶೀನಿಗೆ ಮುಟ್ಟಿಸಿದ. ಟಿಣ್ ಅನ್ನಲಿಲ್ಲ. ಗೊರ್ ಎಂದು ಕೆಂಪು ದೀಪ ಹತ್ತಿತು. ಮತ್ತೆ ಮುಟ್ಟಿಸಿದ, ಮತ್ತೆ ಅದೇ.

“ಈ ಕಾರ್ಡು ಅರಕಲಗೂಡು ಬಸ್ಸಲ್ಲಿ ಕೂತದೆ ಕಣಮ್ಮ,” ಅಂದ.

ನನಗೆ ಅರ್ಥವಾಗಲಿಲ್ಲ. ಆತ ತಾಳ್ಮೆಯಿಂದ ವಿವರಿಸಿದ. ಒಂದೇ ಕಾರ್ಡಿನಲ್ಲಿ ಇಬ್ಬರು ಓಡಾಡಬಾರದಲ್ಲ, ಅದಕ್ಕೆ ಒಂದು ಬಸ್ಸಿನಲ್ಲಿ ಮುಟ್ಟಿಸಿದರೆ ಆ ಬಸ್ಸು ಊರು ಸೇರುವ ತನಕ ಇನ್ನೊಂದು ಬಸ್ಸಿನ ಮೆಶೀನು ಅದನ್ನು ಒಪ್ಪುವುದಿಲ್ಲವಂತೆ. ಈ ಕಾರ್ಡನ್ನು ಈಗ ಸ್ವಲ್ಪ ಮುಂಚೆ ಇದೇ ಬಸ್ ಸ್ಟ್ಯಾಂಡಿನಲ್ಲಿ ಅರಕಲಗೂಡಿನ ಬಸ್ಸಿನವರು ಮುಟ್ಟಿಸಿಕೊಂಡಿದ್ದಾರೆ. ಹೆಸರು ಓದಿ ಹೇಳಿದ. ನನ್ನದೇ ಹೆಸರು. ಹಿಂದಿನ ಸೀಟಿನವನೊಬ್ಬ, ಕಾರ್ಡು ಮುಂದೋಯ್ತು ಅಕ್ಕ ಇಂದೆ ಉಳ್ಕಂಡ್ರು ಎಂದು ನಗಾಡಿದ. ಮೆಶೀನು ಎಡವಟ್ಟು ಮಾಡಿದೆ, ಕೂತ್ಕೊಳ್ಳಿ ಎಂದ ಕಂಡಕ್ಟರು.

ನಾನು ಕೂರಲಿಲ್ಲ. ಆ ಹೊತ್ತಿಗೆ ನನ್ನ ತಲೆಗೆ ಬಂದದ್ದು ಬಹಳ ಸಾಮಾನ್ಯವಾದ ವಿಚಾರ. ನಮ್ಮಿಬ್ಬರ ಕಾರ್ಡು ಒಟ್ಟಿಗೇ ಮಾಡಿಸಿದ್ದು. ಕೊಡುವಾಗ ಒಳಗಿನ ನಂಬರು ಅದಲುಬದಲಾಗಿರಬೇಕು, ಅರಕಲಗೂಡಿನ ಬಸ್ಸಿನಲ್ಲಿ ಮುಟ್ಟಿಸಿದ್ದು ಸರೋಜಳ ಕಾರ್ಡೇ ಇರಬೇಕು ಎಂದುಕೊಂಡೆ. ಅರಕಲಗೂಡಿನಲ್ಲಿ ನಮ್ಮವರೆಂಬುವರು ಯಾರೂ ಇಲ್ಲ. ಮೆಶೀನು ಹಾಗೆ ಹೇಳಿರದಿದ್ದರೆ ಆ ದಿಕ್ಕಿಗೆ ನಾನು ಹೋಗುತ್ತಲೇ ಇರಲಿಲ್ಲ.

ಮುಂದಿನ ಅರಕಲಗೂಡು ಬಸ್ಸಿಗೆ ಮಾಮೂಲಿ ಟಿಕೆಟ್ ತೆಗೆದುಕೊಂಡೆ. ಪಕ್ಕದಲ್ಲಿ ಹಳ್ಳಿಮೈಸೂರಿನ ಒಬ್ಬ ಮುದುಕಿ, ಮಗಳ ಮನೆಗೆ ಹೊರಟವರು. ನಾನು ಅಳುವುದನ್ನು ನೋಡಿ ಎಲ್ಲ ಕೇಳಿ ತಿಳಿದುಕೊಂಡರು. “ಬಾಯಿಲ್ದಿದ್ರೆ ಏನಾಯ್ತವ್ವ, ಕಾಲು ಅವೆಯಲ್ಲ. ಎಲ್ಲಾರ ಕೂತಿರ್ತಾಳೆ ಬುಡು,” ಎಂದು ನನ್ನ ಕೈ ಹಿಡಿದುಕೊಂಡವರು ಅರಕಲಗೂಡು ಬರುವ ತನಕ ಬಿಡಲಿಲ್ಲ.

ಹೊತ್ತು ಇಳಿಯುತ್ತಿತ್ತು. ಅರಕಲಗೂಡಿನ ಸ್ಟ್ಯಾಂಡಿನಲ್ಲಿ ನಮಗಿಂತ ಮುಂಚೆ ಬಂದಿದ್ದ ಬಸ್ಸು ಖಾಲಿಯಾಗಿ ನಿಂತಿತ್ತು. ಅದರ ಕಿಟಕಿಯಲ್ಲಿ ಸರೋಜಳ ಮುಖ ಕಾಣಿಸಿತು. ಎರಡೇ ಜನ ಕೂರುವ ಸೀಟಿನಲ್ಲಿ ಕಿಟಕಿ ಕಡೆ ಕೂತಿದ್ದಳು. ಪಕ್ಕದ ಜಾಗದ ಮೇಲೆ, ನಾವು ಸೀಟು ಹಿಡಿಯಲು ಹಾಕುತ್ತೇವಲ್ಲ ಹಾಗೆ, ಕರ್ಚೀಫು ಹಾಸಿತ್ತು.

ಬಾಗಿಲ ಹತ್ತಿರ ಕಂಡಕ್ಟರು ಟೀ ಕುಡಿಯುತ್ತಿದ್ದರು. ನನ್ನ ವಯಸ್ಸಿನವರು. ನನ್ನನ್ನು ನೋಡಿದವರೇ ಕೇಳಿದರು, “ನೀವೇಯೇನಮ್ಮ ಅತ್ಗೆ?”

ಹೌದೆಂದೆ.

“ಸದ್ಯ ಬಂದ್ರಲ್ಲ. ಇವ್ರು ಇಳಿಯಾಕೇ ಒಪ್ಪಲಿಲ್ಲ. ನಮ್ಮತ್ಗೆ ಇಂದ್ಗಡೆ ಬಸ್ಸಲ್ಲಿ ಬತ್ತಾವ್ಳೆ, ಬರೋಗಂಟ ಏಳಾಕಿಲ್ಲ ಅಂತ ಕೂತವ್ರೆ.”

“ಯಾರು ಹಾಗಂದಿದ್ದು?”

“ಇನ್ಯಾರು, ಇವ್ರೇಯ.”

“ಅವಳಿಗೆ ಮಾತು ಬರಲ್ಲ ಕಣಪ್ಪ.”

ಅವರು ನಕ್ಕುಬಿಟ್ಟರು. “ಒಳ್ಳೆ ಕತೆ ಏಳ್ತೀರಲ್ಲಮ್ಮ. ದಾರಿ ಉದ್ದಕೂ ನನ್ನ ತಲೆ ತಿಂದವ್ರೆ. ಮಗಳ ಮದ್ವೆ ಇನ್ನೂ ಯಾಕ್ ಮಾಡಿಲ್ಲ ಅಂದ್ರು, ಓದ್ತಾವ್ಳೆ ಅಂದಿದ್ಕೆ ಓದ್ಸು, ಆದ್ರೆ ಓದೋದು ಮುಗಿಯೋಗಂಟ ವರ ನೋಡ್ಬಾರ್ದು ಅಂತ ಯಾವ ಕಾನೂನದೆ ಅಂತ ಬೈದ್ರು. ನನ್ನೆಂಡ್ರೂ ಇಂಗ್ ಬೈಯಾಕಿಲ್ಲ.”

ಅದು ಸರೋಜಳ ಮಾತು. ಅಕ್ಷರ ಅಕ್ಷರವೂ ಅವಳದೇ. ಆಮೇಲೆ ಕಾರ್ಡಿನ ವಿಷಯ ಕೇಳಿದೆ. ಎರಡು ಕಾರ್ಡು ಕೊಟ್ಟರು, ಒಂದು ನಂದು, ಒಂದು ನಮ್ಮತ್ಗೇದು, ಎರಡನ್ನೂ ಮುಟ್ಟಿಸಿಕೋ ಎಂದರು, ನಾನು ಮುಟ್ಟಿಸಿದೆ ಎಂದು ಕಂಡಕ್ಟರು ಹೇಳಿದರು. ನಾನು ಕೊರಳಿಂದ ನನ್ನ ಕಾರ್ಡು ತೆಗೆದು ತೋರಿಸಿದೆ. ಒಳಗೆ ಹೋಗಿ ಸರೋಜಳ ಕೊರಳಿನ ಚೀಲ ನೋಡಿದೆವು. ಅದರಲ್ಲಿ ಇದ್ದದ್ದು ಒಂದೇ ಕಾರ್ಡು, ಅವಳ ಹೆಸರಿನದು. ಕಂಡಕ್ಟರು ಮೆಶೀನು ಒತ್ತಿ ನೋಡಿದರು. ಹೊಳೆನರಸೀಪುರದಲ್ಲಿ ಹತ್ತಿದವರಲ್ಲಿ ಅವಳ ಹೆಸರೂ ಇತ್ತು, ನನ್ನ ಹೆಸರೂ ಇತ್ತು. ಅದಲುಬದಲು ಎಂಬ ನನ್ನ ಲೆಕ್ಕ ಅಲ್ಲಿಗೆ ಸುಳ್ಳಾಯಿತು. ಅವರು ಮತ್ತೆ ನಗಲಿಲ್ಲ. ಅರ್ಧ ಉಳಿದ ಟೀಯನ್ನು ಚೆಲ್ಲಿ, ಲೋಟ ಹಿಡಿದುಕೊಂಡೇ ನಿಂತರು. ಡ್ರೈವರನ್ನು ಕೇಳಿದರೆ, ಹಿಂದೆ ಯಾರೋ ಹೆಂಗಸು ಮಾತಾಡುತ್ತಲೇ ಇದ್ದರು, ನಾನು ರೋಡು ನೋಡಲೋ ಅವರನ್ನು ನೋಡಲೋ ಎಂದ.

ಸರೋಜ ನನ್ನನ್ನು ಕಂಡು ಅರ್ಧ ಮುಖದಲ್ಲಿ ನಕ್ಕಳು. ಎಡಗೈಯಿಂದ ಕರ್ಚೀಫು ಎತ್ತಿ ಪಕ್ಕದ ಜಾಗ ತಟ್ಟಿದಳು. ಏನೇ ಸರೋಜ, ಮಾತಾಡಿದೆಯಂತೆ ಎಂದೆ. “ಬತ್ತೀನಿ,” ಎಂದಳು. ಬೇರೇನೂ ಬರಲಿಲ್ಲ. ನಾನು ಅವಳ ಪಕ್ಕ ಕೂತು ಚೆನ್ನಾಗಿ ಅತ್ತೆ. ಅದೇ ಬಸ್ಸು ಹಾಸನಕ್ಕೆ ಹೊರಡುವುದಿತ್ತು. ನಮ್ಮ ಯಜಮಾನರು ಅಲ್ಲಿಗೇ ಬಂದು ನಮ್ಮನ್ನು ಮನೆಗೆ ಕರೆದುಕೊಂಡು ಹೋದರು.

ಆಮೇಲೆ ವಿಚಾರಿಸದೆ ಬಿಡಲಿಲ್ಲ. ಕಾರ್ಡು ಕೊಟ್ಟವರು ಎರಡೂ ಕಾರ್ಡು ಸರಿಯಾಗಿವೆ, ಮೆಶೀನಿನಲ್ಲಿ ಏನೋ ಹೆಚ್ಚುಕಡಿಮೆ ಆಗಿರಬೇಕು ಎಂದರು. ಯಜಮಾನರ ಪ್ರಕಾರ ಕಂಡಕ್ಟರು ಇನ್ನೊಬ್ಬ ಹೆಂಗಸಿನ ಮಾತನ್ನು ಇವಳದೆಂದು ತಿಳಿದರು. ಇರಬಹುದು. ಆ ಇನ್ನೊಬ್ಬ ಹೆಂಗಸಿಗೂ ಹಿಂದಿನ ಬಸ್ಸಿನಲ್ಲಿ ಬರುವ ಅತ್ತಿಗೆ ಇದ್ದಿರಬಹುದು. ಹಾಗೆಂದು ನನಗೆ ನಾನೇ ಎಷ್ಟೋ ಸಲ ಹೇಳಿಕೊಂಡಿದ್ದೇನೆ. ಮಾತು ಕಲಿಸುವ ಮೇಡಂ ಮಾತ್ರ ನಗಲೂ ಇಲ್ಲ, ನಂಬಿದೆ ಎನ್ನಲೂ ಇಲ್ಲ. ಮಾತು ಒಳಗಿದ್ದರೆ ಒಂದು ದಿನ ಹೊರಗೆ ಬರುತ್ತದೆ, ಬಿಡಬೇಡಿ ಎಂದರು. ನಾವು ಬಿಡಲಿಲ್ಲ. ಮಳೆ ಬಿಸಿಲೆನ್ನದೆ ಹೋದೆವು. ಒಂದು ದಿನ ಸಾರು ಬಾಯಿಗಿಟ್ಟು “ಉಪ್ಪು” ಎಂದಳು. ಮನೆಯವರೆಲ್ಲ ಊಟ ಬಿಟ್ಟು ಎದ್ದು ನಿಂತೆವು. ಅಲ್ಲಿಂದ ಒಂದೊಂದೇ ಬಂತು, ನಿಧಾನವಾಗಿ, ಸೊಟ್ಟಸೊಟ್ಟಾಗಿ. ಈಗ ಅರ್ಧ ವಾಕ್ಯದಷ್ಟು ಆಡುತ್ತಾಳೆ. ಸಂತೆಗೆ ಒಬ್ಬಳೇ ಹೋಗುತ್ತಾಳೆ, ಬೈದು ಬರುತ್ತಾಳೆ.

ಹೋದ ಅವರೆಕಾಯಿ ಕಾಲದಲ್ಲಿ ಇಬ್ಬರೂ ಜಗಲಿಯ ಮೇಲೆ ಕಾಯಿ ಸುಲಿಯುತ್ತಿದ್ದೆವು. ಇಷ್ಟು ಮಾತು ಬಂದಿದೆಯಲ್ಲ, ಕೇಳಿಯೇ ಬಿಡೋಣ ಎಂದು ಕೇಳಿದೆ. ಅವತ್ತು ಅರಕಲಗೂಡು ಬಸ್ಸಿನಲ್ಲಿ ನಿಜವಾಗಿ ಏನು ನಡೆಯಿತು ಸರೋಜ? ಅವಳು ಸುಲಿಯುವುದನ್ನು ನಿಲ್ಲಿಸಿ, ನಾನು ತಮಾಷೆ ಮಾಡುತ್ತಿದ್ದೇನೋ ಎಂಬಂತೆ ನನ್ನ ಮುಖ ನೋಡಿದಳು.

“ನೀನೂ... ಇದ್ದಲ್ಲ ಅತ್ಗೆ,” ಎಂದಳು. “ಪಕ್ದಲ್ಲೇ.”

ಆ ಹೊತ್ತಿನಲ್ಲಿ ನಾನು ಹೊಳೆನರಸೀಪುರದಲ್ಲಿ ಅವಳ ಹೆಸರು ಕೂಗುತ್ತಾ ಅಲೆಯುತ್ತಿದ್ದೆ. ಅದು ನನಗೆ ಚೆನ್ನಾಗಿ ಗೊತ್ತು. ಆದರೆ ಕಷ್ಟಪಟ್ಟು ಒಂದೊಂದೇ ಮಾತು ಹೆಕ್ಕಿ ಆಡುವವಳಿಗೆ ಇಲ್ಲದ್ದನ್ನು ಹೇಳುವ ಪುರುಸೊತ್ತು ಎಲ್ಲಿಂದ ಬರಬೇಕು? ಅವಳು ಕಾಯಿ ಸುಲಿಯತೊಡಗಿದಳು, ನಾನೂ ಸುಲಿದೆ.